ಪಂಕ್ತಿಯ ಊಟಕ್ಕೆ ವೈನ್ ತರಿಸುವ ಮುನ್ನ



ಕಾಫಿ ಮತ್ತು ಅಡಿಕೆ ಬೆಳೆಗಾರರ ಪತ್ರಿಕೆಗೆ ವೈನಿನ ಗೊಡವೆ ಏಕೆ ಎಂದು ಕೆಲವರಾದರೂ ಕೇಳಿಯಾರು. ಮಳೆಗಾಲ ಹಿಡಿಯುವ ಮೊದಲು ನಾವೆಲ್ಲ ಮೈಲುತುತ್ತ ಮತ್ತು ಸುಣ್ಣ ಕಲಸಿ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ವೈನ್ ದ್ರಾಕ್ಷಿ ತೋಟಗಳಲ್ಲಿ, 1885ರ ಸುಮಾರಿಗೆ. ನಮ್ಮ ಕೊಳೆರೋಗಕ್ಕೆ ಆ ಔಷಧವನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್. ಸಂಬಂಧವೇನೋ ಹಳೆಯದೇ. ಆದರೆ ಈ ಬರಹಕ್ಕೆ ಕಾರಣ ಅದಲ್ಲ. ಊಟದ ಮೇಜಿನಲ್ಲಿ ನಾವೇ ಮಾಡಿದ ಒಂದು ತಪ್ಪು.

ತೋಟ ನೋಡುವ ಪ್ರವಾಸಕ್ಕೆಂದು ನಮ್ಮ ಕಡೆಯ 20 ಮಂದಿ ಬೆಳೆಗಾರರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಹೋಗಿದ್ದೆವು. ಅದು ಕಾಫಿ ಗಿಡ ಕಾಣದ ನಾಡು. ಕೃಷ್ಣೆ ಮತ್ತು ಘಟಪ್ರಭೆಯ ನೀರಿಗೆ ಎದ್ದು ನಿಂತ ಕಬ್ಬು, ಮಹಾಲಿಂಗಪುರದ ಬೆಲ್ಲದ ಪೇಟೆ, ಬನಹಟ್ಟಿಯ ಮಗ್ಗಗಳು, ಸಾವಳಗಿ ಕಡೆಯ ದ್ರಾಕ್ಷಿ ಚಪ್ಪರ ಎಲ್ಲವನ್ನೂ ಕಂಡೆವು. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಮೇಲೆ ಮಜ್ಜಿಗೆ. ಅಲ್ಲಿ ಬೇರೆ ಪಾನೀಯದ ಯೋಚನೆಯೇ ಬರಲಿಲ್ಲ.

ಕೊನೆಯ ರಾತ್ರಿ ಪರವಾನಗಿ ಇರುವ ಒಂದು ಹೋಟೆಲಿನಲ್ಲಿ ಎಲ್ಲರೂ ಕೂಡಿ ಉಣ್ಣಲು ಕುಳಿತಾಗ, “ದ್ರಾಕ್ಷಿ ನಾಡಿಗೆ ಬಂದು ವೈನ್ ರುಚಿ ನೋಡದೆ ಹೋಗುವುದೇ?” ಎಂದು ಯಾರೋ ಅಂದರು. ಪಟ್ಟಿ ನಮ್ಮ ಕೈಗೆ ಬಂತು. ಬಲ್ಲವರ ಹಾಗೆ ಮೂರು ಬಾಟಲಿ ಕೆಂಪು ವೈನ್ ಹೇಳಿದೆವು. ಆ ಒಂದು ಮಾತಿನಲ್ಲಿ ಮೂರು ತಪ್ಪುಗಳಿದ್ದವು.

ಮೊದಲನೆಯದು ರುಚಿಯ ತಪ್ಪು. ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಸಮೇತ ಹುಳಿಯಿಟ್ಟರೆ ಕೆಂಪು ವೈನ್; ರಸವನ್ನು ಮೊದಲೇ ಹಿಂಡಿ, ಸಿಪ್ಪೆ ಬಿಟ್ಟು ಹುಳಿಯಿಟ್ಟರೆ ಬಿಳಿ ವೈನ್. ಹಣ್ಣಾಗಿಯೇ ಒಣಗಿಸಿದ ಚೆರಿಗೂ ಪಲ್ಪರಿಗೆ ಹಾಕಿ ತೊಳೆದ ಪಾರ್ಚ್‌ಮೆಂಟಿಗೂ ಬಟ್ಟಲಲ್ಲಿ ಬರುವ ವ್ಯತ್ಯಾಸ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಮತ್ತು ಬೀಜದಿಂದ ಕೆಂಪು ವೈನಿಗೆ ಇಳಿಯುವ ಒಗರು ನಮ್ಮ ಅಡಿಕೆ ಬೇಯಿಸಿದ ಚೊಗರಿನ ಬಂಧುವೇ. ಚೊಗರು ನಾಲಿಗೆಗೆ ತಾಗಿದ ಮೇಲೆ ರಂಜಕ ನೆಕ್ಕಿದರೆ ಏನಾದೀತೋ ಅದೇ ಅಂದು ನಮಗಾಯಿತು. ಒಗರೂ ಮದ್ಯಸಾರವೂ ಸೇರಿ ಖಾರವನ್ನು ಇಮ್ಮಡಿಸಿದವು. ಅರ್ಧ ಲೋಟ ಮುಗಿಯುವುದರೊಳಗೆ ಎಲ್ಲರ ಕೈಯೂ ನೀರಿನ ಚೊಂಬಿಗೆ ಹೋಯಿತು.

ಖಾರದ ಊಟಕ್ಕೆ ತುಸು ಸಿಹಿಯಿರುವ, ಮದ್ಯಸಾರ ಕಡಿಮೆಯಿರುವ, ಚೆನ್ನಾಗಿ ತಣಿಸಿದ ಬಿಳಿ ವೈನ್ ಹೊಂದುತ್ತದೆ. ಶೆನಿನ್ ಬ್ಲಾಂ ಎಂಬ ತಳಿಯದು ನಮ್ಮಲ್ಲಿ ಸಿಗುತ್ತದೆ. ಎಣ್ಣೆಗಾಯಿಯಂಥ ಎಣ್ಣೆ, ಶೇಂಗಾ ಬೆರೆತ ಪದಾರ್ಥಕ್ಕೆ ತೆಳು ಗುಲಾಬಿ ಬಣ್ಣದ ರೋಸೆ ಆದೀತು. ಕೆಂಪೇ ಬೇಕೆಂಬವರಿಗೆ ಹಗುರವಾದದ್ದನ್ನು ತರಿಸಿ, ಅದನ್ನೂ ಒಂದು ಇಪ್ಪತ್ತು ನಿಮಿಷ ತಣ್ಣಗಿಡಲು ಹೇಳಬೇಕು. ಕೆಂಪು ವೈನನ್ನು ಕೋಣೆಯ ಉಷ್ಣದಲ್ಲಿ ಕೊಡಬೇಕೆಂಬ ಮಾತು ಚಳಿ ದೇಶದ ಕೋಣೆಗೆ ಸಲ್ಲುವುದೇ ಹೊರತು ಬಾಗಲಕೋಟೆ ಜಿಲ್ಲೆಯ ಬೇಸಿಗೆಗೆ ಅಲ್ಲ. ಇನ್ನೊಂದು ಮಾತು. ಬಾಟಲಿ ತೆರೆದ ಮಾಣಿ ಮೊದಲು ಒಂದು ಗುಟುಕು ಹಾಕಿಕೊಡುವುದು ಕೆಟ್ಟಿದೆಯೇ ನೋಡಿ ಹೇಳಲೆಂದು; ಬೂಷ್ಟಿನ ವಾಸನೆಯೋ ವಿನೆಗರಿನ ಹುಳಿಯೋ ಇದ್ದರೆ ಸಂಕೋಚವಿಲ್ಲದೆ ತಿಳಿಸಬೇಕು.

ಎರಡನೆಯದು ಬೆಳೆಗಾರರಾದ ನಮಗೆ ತಕ್ಕುದಲ್ಲದ ತಪ್ಪು. ಬಾಟಲಿಯ ಚೀಟಿಯನ್ನು ನಾವು ಓದಲೇ ಇಲ್ಲ. ನಮ್ಮೊಡನೆ ಉಣ್ಣಲು ಬಂದಿದ್ದ ಆ ಊರಿನ ದ್ರಾಕ್ಷಿ ಬೆಳೆಗಾರರೊಬ್ಬರು ಬಾಟಲಿ ತಿರುಗಿಸಿ ನೋಡಿ, “ಇದು ನಮ್ಮ ದ್ರಾಕ್ಷಿದಲ್ರೀ. ನಮ್ಮದು ತಿನ್ನೂದು. ಉಳಿದದ್ದು ಮಣೂಕ ಆಗಿ ತಾಸಗಾಂವಕ್ಕ ಹೋಗ್ತೈತ್ರಿ” ಎಂದರು. ಅವರ ತೋಟದ್ದು ಥಾಮ್ಸನ್ ಸೀಡ್‌ಲೆಸ್. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಎರಡು ಚಾಟ್ನಿ, ಬೇಸಿಗೆ ಮೊದಲಾಗುವಾಗ ಕೊಯ್ಲು, ಆಮೇಲೆ ಶೆಡ್ಡಿನಲ್ಲಿ ಒಣಗಿಸುವ ಕೆಲಸ. ಅಕಾಲದಲ್ಲಿ ಒಂದು ಮಳೆ ಬಂದರೆ ವರ್ಷದ ದುಡಿಮೆಯೇ ಹೋಯಿತು. ಅಂಗಳದಲ್ಲಿ ಕಾಫಿ ಹರಡಿ ಮೋಡ ನೋಡುವ ನಮ್ಮ ಪಾಡೇ ಅವರದೂ.

ಹೆಸರಾದ ವೈನುಗಳಿಗೆ ಕ್ಯಾಬರ್ನೆ, ಶಿರಾಜ್ ಮೊದಲಾದ ಬೇರೆ ತಳಿಗಳು ಬೇಕು. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರು 1988ರಲ್ಲಿ ಈ ಉದ್ಯಮಕ್ಕೆ ಕೈಹಾಕಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ಹೊರಡಿಸಿ ಒಂದು ಮಂಡಳಿಯನ್ನೂ ಮಾಡಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಈಗ ಬಳಕೆಯಲ್ಲಿವೆ. ಇವನ್ನು ಚೀಟಿಯಲ್ಲಿ ಹುಡುಕುವುದು ಒಣ ಅಭಿಮಾನವಲ್ಲ. 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬರುವವರೆಗೆ ನಮ್ಮ ಕಾಫಿ ಮಂಡಳಿಯ ಪೂಲಿಗೆ ಹೋಗಿ, ಯಾವ ತೋಟದ್ದೆಂಬ ಗುರುತು ಕಳೆದುಕೊಳ್ಳುತ್ತಿತ್ತು. “ಕುಡಿಯುವವರು ಬೆಳೆದವನ ಊರು ಕೇಳಬಾರದೇ?” ಎಂದು ನಾವೇ ಎಷ್ಟು ಸಲ ಹೇಳಿಕೊಂಡಿಲ್ಲ! ಹಾಗಿರುವಾಗ ಪರರ ಬೆಳೆಯನ್ನು ಕುಡಿಯಲು ಕುಳಿತ ನಾವು ಊರು ಕೇಳದೇ ಇದ್ದುದು ಸರಿಯಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೂರು ಬಾಟಲಿಗೆ 4,500 ರೂಪಾಯಿ ಆಯಿತು. ಕುಡಿದವರು ಏಳು ಮಂದಿ. ಬಿಲ್ಲನ್ನು ಇಪ್ಪತ್ತು ಪಾಲು ಮಾಡಿದೆವು. ತಲಾ ಸುಮಾರು 643 ರೂಪಾಯಿ ಕೊಡಬೇಕಾದವರು 225 ಕೊಟ್ಟು ಎದ್ದರು. ಮಿಕ್ಕ ಹದಿಮೂರು ಮಂದಿ ಮುಟ್ಟದ ಲೋಟಕ್ಕೆ ತಲಾ 225 ತೆತ್ತರು. ಒಂದು ಎಕರೆ ತೋಟದ ಹಿರಿಯ ಸದಸ್ಯರೊಬ್ಬರು ಏನೂ ಅನ್ನದೆ ನೋಟು ಎಣಿಸಿ ಕೊಟ್ಟರು. ಮರುದಿನ ಬಸ್ಸಿನಲ್ಲಿ ನಗುತ್ತಲೇ, “ನಾನು ಕುಡಿದದ್ದು ಮಜ್ಜಿಗೆ ಮಾರಾಯ್ರೆ, ದುಡ್ಡು ಕೊಟ್ಟದ್ದು ಮಾತ್ರ ವೈನಿಗೆ” ಎಂದರು. ಆ ನಗು ನಮಗೆ ಇನ್ನೂ ಚುಚ್ಚುತ್ತಿದೆ. ಹತ್ತು ಜನರ ಎದುರು “ನನಗೆ ಬೇಡ, ನಾನು ಕೊಡುವುದಿಲ್ಲ” ಎನ್ನಲು ಸಣ್ಣ ಹಿಡುವಳಿದಾರನಿಗೆ ನಾಚಿಕೆ. ಆ ನಾಚಿಕೆಯ ಮೇಲೆ ನಾವು ವೈನ್ ಕುಡಿದೆವು.

ಕುಡಿಯುವುದು ಸರಿಯೇ ತಪ್ಪೇ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅದು ಅವರವರ ಮನೆತನಕ್ಕೂ ಮನಸ್ಸಿಗೂ ಆರೋಗ್ಯಕ್ಕೂ ಬಿಟ್ಟದ್ದು. ಆದರೆ ಕೂಡಿ ಉಣ್ಣುವಲ್ಲಿ ಕೆಲವು ಕಟ್ಟುಪಾಡು ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಪಟ್ಟಿ ಕೈಗೆ ಬರುವ ಮೊದಲೇ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳಬೇಕು; ಬೇಡವೆಂದವರನ್ನು ಒತ್ತಾಯಿಸಬಾರದು, ಅವರಿಗೆ ಮಜ್ಜಿಗೆಯೋ ಹಣ್ಣಿನ ರಸವೋ ಅದೇ ಮರ್ಯಾದೆಯಿಂದ ಬರಬೇಕು. 750 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಐದಾರು ಲೋಟ. ಏಳು ಮಂದಿಗೆ ಎರಡು ಬಾಟಲಿ ಸಾಕು, ಒಂದು ಬಿಳಿ, ಒಂದು ಹಗುರ ಕೆಂಪು. ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ ಒಪ್ಪಿಗೆ ಪಡೆಯಬೇಕು. ಮದ್ಯಕ್ಕೆ ಜಿಎಸ್‌ಟಿ ಅನ್ವಯಿಸದ ಕಾರಣ ಊಟದ ಲೆಕ್ಕ, ಮದ್ಯದ ಲೆಕ್ಕ ಹೇಗೂ ಬೇರೆಯೇ. ಎರಡು ಬಿಲ್ಲು ಕೇಳುವುದರಲ್ಲಿ ಅವಮಾನವಿಲ್ಲ. ಗಾಡಿ ಓಡಿಸುವವರಿಗೆ ಒಂದು ಗುಟುಕೂ ಇಲ್ಲ. ಸಂಘದ ಹಣದಿಂದಂತೂ ಒಂದು ಲೋಟವೂ ಬರಕೂಡದು. ಅದು ಸದಸ್ಯರ ಷೇರಿನ ಹಣ, ಒಂದು ಎಕರೆಯವರದೂ ಅದರಲ್ಲಿದೆ.

ಊರಿಗೆ ಬಂದ ಮೇಲೆ ಆ ಹಿರಿಯರ 225 ರೂಪಾಯಿಯನ್ನು ಹಿಂದಿರುಗಿಸಲು ಅವರ ಮನೆಗೆ ಹೋದೆವು. ಮುಟ್ಟಲಿಲ್ಲ. ಒಳಗಿನಿಂದ ಬಿಸಿ ಕಾಫಿ ತರಿಸಿ, “ಇದು ನಮ್ಮ ತೋಟದ್ದೇ” ಎಂದು ಲೋಟ ಕೈಗಿಟ್ಟರು. “ದುಡ್ಡಿನ ಮಾತು ಬಿಡಿ. ಮುಂದಿನ ಸಲ ಮೊದಲು ಕೇಳಿ, ಆಯಿತಲ್ಲ” ಎಂದರು. ಮುಂದಿನ ಪ್ರವಾಸದ ಸಭೆಯಲ್ಲಿ ಈ ವಿಷಯವನ್ನು ನಾವೇ ಎತ್ತುತ್ತೇವೆ.