ಹಳೆಯ ವಾಚು ಸರಿ, ಎಷ್ಟು ಹಳೆಯದು?



ಕಳೆದ ರಜೆಯಲ್ಲಿ ಊರಿಗೆ ಹೋಗದೆ ಅಮೆರಿಕದ ಟೆಕ್ಸಾಸಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಡಲ್ಲಾಸ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಕಾಪೆಲ್ ಎಂಬ ಊರು. ಬಾವನಿಗೆ ಅರುವತ್ತು ತುಂಬುವುದರಲ್ಲಿತ್ತು. "ಹೊಸ ರೋಲೆಕ್ಸ್ ನಮ್ಮ ಕೈಗೆ ಎಟಕುವುದಿಲ್ಲ ಮಾರಾಯ, ಹಳೆಯದೊಂದು ನೋಡುವ, ನೀನೂ ಬಾ" ಎಂದು ಅಂಗಡಿಗೆ ಕರೆದೊಯ್ದರು.

ಅಂಗಡಿಯವರು ಎರಡು ಡೇಟ್‌ಜಸ್ಟ್ ಮುಂದಿಟ್ಟರು. ಒಂದು 1960ರ ಆಸುಪಾಸಿನದು, ಇನ್ನೊಂದು 1990ರದ್ದು. ನೋಡಲು ಅಣ್ಣತಮ್ಮಂದಿರ ಹಾಗೆ. ಡಯಲ್ ಕೆನೆಬಣ್ಣಕ್ಕೆ ತಿರುಗಿದ್ದ ಅಣ್ಣನ ಮೇಲೆಯೇ ಬಾವನ ಕಣ್ಣು.

ನಾನು ಮಾತ್ರೆ ಕೊಡುವವನು, ವಾಚು ರಿಪೇರಿಯವನಲ್ಲ. ಆದರೆ ಯಾವ ಪೆಟ್ಟಿಗೆ ಕೈಗೆ ಬಂದರೂ ಒಳಗೇನಿದೆ, ಎಂದಿನದು ಎಂದು ನೋಡುವುದು ನನ್ನ ಕೆಲಸದ ಅಭ್ಯಾಸ. ಹಾಗೆ ನೋಡಿದರೆ ಎರಡಕ್ಕೂ ಬಹಳ ಅಂತರವಿತ್ತು. ಹಳೆಯದರ ಗಾಜು ಪ್ಲಾಸ್ಟಿಕ್ಕಿನದು, ಬೇಗ ಗೀರು ಬೀಳುತ್ತದೆ. ಹೊಸದರದ್ದು ಸಫೈರ್. ಎರಡು ವಾರ ಕಟ್ಟದೆ ಇಟ್ಟರೆ ಹಳೆಯದರಲ್ಲಿ ತಾರೀಕು ಸರಿಮಾಡಲು ಮುಳ್ಳುಗಳನ್ನು ಸುತ್ತಿಸುತ್ತಲೇ ಇರಬೇಕು. ಹೊಸದರಲ್ಲಿ ಕೀ ಎಳೆದು ತಿರುಗಿಸಿದರೆ ತಾರೀಕು ಮಾತ್ರ ಬದಲಾಗುತ್ತದೆ.

ಇನ್ನು ಕತ್ತಲಲ್ಲಿ ಹೊಳೆಯಲು ಹಚ್ಚುವ ಬಣ್ಣ. 1960ರ ದಶಕದ ಆರಂಭದವರೆಗೆ ಅನೇಕ ವಾಚುಗಳಲ್ಲಿ ಅದು ರೇಡಿಯಂ, ನಂತರ ಟ್ರಿಟಿಯಂ. ಟ್ರಿಟಿಯಂ ಪ್ರತಿ 12 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಹೊಳಪು ಆರಿಹೋದರೂ ರೇಡಿಯಂ ಹಾಗೆಯೇ ಇರುತ್ತದೆ. ಮುಚ್ಚಿದ ವಾಚನ್ನು ಕಟ್ಟಿದರೆ ಅಪಾಯ ಬಹಳ ಕಡಿಮೆ, ಬಿಚ್ಚಿ ಕೆರೆದು ಆ ಪುಡಿ ಮೂಗು ಬಾಯಿಗೆ ಹೋದರೆ ಕೆಟ್ಟದ್ದು. ನೂರು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ಡಯಲಿಗೆ ರೇಡಿಯಂ ಹಚ್ಚುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡೇ ಪ್ರಾಣ ಕಳೆದುಕೊಂಡರು.

"ದಿನಾ ಕಟ್ಟುವುದಾದರೆ ತಮ್ಮನೇ ಒಳ್ಳೆಯದು ಬಾವ" ಎಂದೆ.

"ಹಾಗಾದರೆ ಹಳೆಯದು ಯಾರಿಗೆ?"

ಅದಕ್ಕೆ ಉತ್ತರ ನನ್ನ ಮನೆಯಲ್ಲೇ ಇತ್ತು. ಎಚ್‌ಎಂಟಿ ನಿಮಗೆಲ್ಲ ಗೊತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಕಂಪೆನಿ. 2016ರಲ್ಲಿ ಆ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಅಪ್ಪನ ಕೈಯಲ್ಲಿ ಇದ್ದದ್ದು ಅದರ ಜನತಾ, ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಗಲ್ಫಿಗೆ ಬಂದ ಹೊಸತರಲ್ಲಿ ಅಪ್ಪನಿಗೆ ಖುಷಿಯಾಗಲೆಂದು ಅದನ್ನು ಒಂದು ಅಂಗಡಿಗೆ ಕೊಟ್ಟು "ಹೊಸದರ ಹಾಗೆ ಮಾಡಿಕೊಡಿ" ಎಂದೆ. ಅವರು ಹಾಗೆಯೇ ಮಾಡಿದರು. ಮಾಸಿದ ಡಯಲ್ ತೆಗೆದು ಬಣ್ಣ ಬಳಿದದ್ದು ಹಾಕಿದರು, ಮುಳ್ಳು ಬದಲಿಸಿದರು, ಕೇಸ್ ಉಜ್ಜಿ ಹೊಳಪು ಕೊಟ್ಟರು. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಚೆಂದ ಉಂಟು. ಯಾರದ್ದು ಇದು?" ಎಂದರು. ಮತ್ತೆ ಅವರು ಅದನ್ನು ಕಟ್ಟಲಿಲ್ಲ. ತಪ್ಪು ಅಂಗಡಿಯವರದ್ದಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದರು.

ಆದ್ದರಿಂದ ಕೊಳ್ಳುವವರಿಗೆ ನನ್ನ ಚೀಟಿ ಇಷ್ಟು. ಡಯಲ್ ಮತ್ತು ಮುಳ್ಳು ಮೂಲದ್ದೇ, ಬಣ್ಣ ಬಳಿದದ್ದೇ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿ. ಸರ್ವಿಸ್ ಖರ್ಚನ್ನೂ ಬೆಲೆಗೆ ಕೂಡಿಸಿ. ನಮ್ಮ ಗಲ್ಫಿನ ಸೆಕೆ, ಬೆವರಿಗೆ ಒಳಗಿನ ರಬ್ಬರ್ ಹೊಸದಿರಲಿ, ಆದರೂ ಹಳೆಯ ವಾಚು ಕಟ್ಟಿ ಸಮುದ್ರಕ್ಕೆ ಇಳಿಯಬೇಡಿ. ಊರಿಗೆ ಹೋಗುವಾಗ ಕಸ್ಟಮ್ಸಿನವರು ಕೇಳಿದರೆ ತೋರಿಸಲು ಬಿಲ್ ಜೊತೆಗಿರಲಿ. ಸಾಲ ಮಾಡಿ ಮಾತ್ರ ವಾಚು ಬೇಡ.

ಬಾವ 1990ರದ್ದನ್ನೇ ಕೊಂಡರು. ದುಡ್ಡು ಕೊಟ್ಟು ತರುವುದಾದರೆ ಸ್ವಲ್ಪ ಹೊಸದನ್ನೇ ತನ್ನಿ. ತೀರಾ ಹಳೆಯದು ಮನೆಯ ಕಪಾಟಿನಲ್ಲಿದ್ದರೆ ಎಣ್ಣೆ ಹಾಕಿಸಿ ಓಡಿಸಿ, ಮುಖಕ್ಕೆ ಬಣ್ಣ ಹಚ್ಚಿಸಬೇಡಿ. ಅದರ ಕಲೆ, ಗೀರುಗಳೆಲ್ಲ ಕಟ್ಟಿದವರ ಕೈಯವು.