ಅಂಕಿಗೂ ಭಾಷೆಯುಂಟು

ಅನುವಾದಕನು ದಾಟಿಸಬೇಕಾದುದು ಮಾತನ್ನು ಮಾತ್ರ, ಅಂಕಿಗಳು ತಾವಾಗಿಯೇ ದಾಟಿಕೊಳ್ಳುತ್ತವೆ ಎಂಬ ಭಾವನೆ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದುದು. ಇಂಗ್ಲಿಷಿನ ಯಂತ್ರ ಕೈಪಿಡಿಯೊಂದು ಜರ್ಮನ್ ಭಾಷೆಗೆ ಹೋಗುವ ಬಗೆಯನ್ನು ಗಮನಿಸಿದರೆ ಈ ಭಾವನೆ ನಿಲ್ಲಲಾರದು.

ಇಂಗ್ಲಿಷಿನಲ್ಲಿ ದಶಮಾಂಶಕ್ಕೆ ಚುಕ್ಕೆ, ಸಾವಿರಕ್ಕೆ ಅಲ್ಪವಿರಾಮ. ಜರ್ಮನ್ನಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ ಇಲ್ಲವೆ ಕಿರಿದಾದ ತೆರಪು. ಇಂಗ್ಲಿಷಿನ 1.250 ಮಿಲಿಮೀಟರ್ ಎಂದರೆ ಒಂದೂಕಾಲು ಮಿಲಿಮೀಟರ್. ಅದನ್ನು ಇದ್ದಂತೆಯೇ ಇಳಿಸಿದರೆ ಜರ್ಮನ್ ಓದುಗನ ಕಣ್ಣಿಗೆ ಅದು ಒಂದೂಕಾಲು ಮೀಟರ್ ಆಗಿಬಿಡುತ್ತದೆ. ಪದಗಳೂ ಹೀಗೆಯೇ ವಂಚಿಸುತ್ತವೆ. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಜರ್ಮನ್ನಿನ ಬಿಲಿಯೋನ್ ಲಕ್ಷ ಕೋಟಿ. ನೂರು ಕೋಟಿಗೆ ಅಲ್ಲಿ ಮಿಲಿಯಾರ್ಡೆ ಎಂಬ ಬೇರೆ ಪದವಿದೆ. ವಾಕ್ಯ ಕೆಟ್ಟರೆ ಓದುಗನಿಗೆ ಸಂಶಯ ಹುಟ್ಟುತ್ತದೆ. ಅಂಕಿ ಕೆಟ್ಟರೆ ಅನೇಕ ವೇಳೆ ಸಂಶಯವೂ ಹುಟ್ಟುವುದಿಲ್ಲ.

ಮಾನವನ್ನು ಬದಲಿಸುವಾಗ ವಿವೇಕ ಇನ್ನೂ ಹೆಚ್ಚು ಬೇಕು. ‘ಸುಮಾರು 10 ಮೈಲಿ’ ಎಂಬುದನ್ನು 16.09 ಕಿಲೋಮೀಟರ್ ಎಂದು ಬರೆದರೆ ‘ಸುಮಾರು’ ಎಂಬ ಮಾತಿಗೆ ಅರ್ಥವೇ ಉಳಿಯದು; ಅಲ್ಲಿ 16 ಸಾಕು. ಆದರೆ ಯಂತ್ರಭಾಗಗಳ ನಡುವಿನ 0.005 ಇಂಚು ಅಂತರವು ನಿಖರವಾಗಿ 0.127 ಮಿಲಿಮೀಟರ್, ಅದನ್ನು 0.1ಕ್ಕೆ ಇಳಿಸುವ ಅಧಿಕಾರ ಅನುವಾದಕನಿಗಿಲ್ಲ. ಗ್ಯಾಲನ್ ಎಂದಾಗ ಅಮೆರಿಕದ್ದೋ (3.785 ಲೀಟರ್) ಬ್ರಿಟನ್ನಿನದ್ದೋ (4.546 ಲೀಟರ್) ಎಂದು ವಿಚಾರಿಸಲೇಬೇಕು. ಬ್ರಿಟಿಷರ ಅಶ್ವಶಕ್ತಿ 745.7 ವ್ಯಾಟ್, ಜರ್ಮನರದು 735.5 ವ್ಯಾಟ್. ಕೆಲವೆಡೆ ಬದಲಿಸದಿರುವುದೇ ಸರಿ: ಕಂಪ್ಯೂಟರ್ ಪರದೆಯನ್ನು ಜರ್ಮನರೂ ಇಂಚಿನಲ್ಲಿಯೇ, ‘ತ್ಸೋಲ್’ ಎಂದು, ಅಳೆಯುತ್ತಾರೆ.

ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳಿಗೆ ಇದು ತೀರ ಪರಕೀಯವೇನಲ್ಲ. ಕನ್ನಡದ ‘ಇಪ್ಪತ್ತೊಂದು’ ಹತ್ತುಗಳಿಂದ ಆರಂಭವಾದರೆ, ಮರಾಠಿಯ ‘ಏಕವೀಸ’ ಬಿಡಿಯಿಂದ ಆರಂಭವಾಗುತ್ತದೆ. ಜರ್ಮನ್ ಭಾಷೆಯೂ ಮರಾಠಿಯಂತೆ ‘ಒಂದು ಮತ್ತು ಇಪ್ಪತ್ತು’ ಎಂದೇ ಎಣಿಸುತ್ತದೆ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬರೆದುಕೊಳ್ಳುವಾಗ ಅಂಕಿಗಳು ಅದಲುಬದಲಾಗುವ ಅಪಾಯವನ್ನು ಗಡಿನಾಡಿನವರು ಬಲ್ಲರು.

ಆದುದರಿಂದ ಅನುವಾದದ ಪಾಠದಲ್ಲಿ ಕವಿತೆ, ಕಥೆಗಳ ಜೊತೆಗೆ ಅಳತೆಗಳಿರುವ ಒಂದು ಪುಟವಾದರೂ ಇರಬೇಕು. ಕವಿತೆಯ ಅನುವಾದದಲ್ಲಿ ಎರಡು ಅಭಿಪ್ರಾಯಗಳಿರಬಹುದು. ಔಷಧದ ಪ್ರಮಾಣದಲ್ಲಿ ಇರಲಾಗದು. ಭಾಷೆಯನ್ನು ಓದಿದವನು ಅಂಕಿಯನ್ನು ಲೆಕ್ಕಿಗನ ಪಾಲಿಗೆ ಬಿಟ್ಟರೆ ತನ್ನ ಹೊಣೆಯ ಅರ್ಧಭಾಗವನ್ನೇ ಬಿಟ್ಟಂತಾಗುತ್ತದೆ.