ಹೆಸರಿಗೆ ಮೂರು ಕೋಟಿ, ಚಿತ್ತಾರಕ್ಕೆ ಡಿಸ್ಟೆಂಪರ್

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಒಂದು ಕೊಳ, ಅದರಲ್ಲಿ ಮೀನು. "ಎಷ್ಟಿರಬಹುದು ಹೇಳು ನೋಡೋಣ" ಅಂದ. ಹತ್ತು ಸಾವಿರ ಅಂದೆ. ಬಿದ್ದು ಬಿದ್ದು ನಕ್ಕ.

ಅದನ್ನು ಬರೆದದ್ದು ವಿನ್‌ಸ್ಟನ್ ಚರ್ಚಿಲ್, 1962ರ ಸುಮಾರಿಗೆ. ಅವರ ಕೊನೆಯ ಚಿತ್ರವಂತೆ. 1950ರಿಂದ ಕೊನೆವರೆಗೂ ಜೊತೆಗಿದ್ದ ಅಂಗರಕ್ಷಕ ಎಡ್ಮಂಡ್ ಮರ್ರೆಗೆ ಅದನ್ನು ಕೊಟ್ಟುಬಿಟ್ಟರು. 50ರಿಂದ 80 ಸಾವಿರ ಪೌಂಡ್ ಬರಬಹುದು ಅಂದುಕೊಂಡಿದ್ದ ಆ ಚಿತ್ರ 2017ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 3,57,000 ಪೌಂಡಿಗೆ ಹೋಯಿತು. ಹೆಚ್ಚುಕಮ್ಮಿ ಮೂರು ಕೋಟಿ ರೂಪಾಯಿ!

"ಎಂಥಾ ದೊಡ್ಡ ಮನಸ್ಸು ನೋಡು" ಅಂದ ಗೆಳೆಯ. ನನಗೆ ಉರಿದದ್ದು ಅಲ್ಲೇ. ಕೊಟ್ಟದ್ದು ಒಳ್ಳೆಯದೇ, ತಕರಾರಿಲ್ಲ. ಚಿತ್ರ ಕೆಟ್ಟದು ಅಂತಲೂ ನಾನು ಹೇಳುತ್ತಿಲ್ಲ. 1947ರಲ್ಲಿ ಸುಳ್ಳು ಹೆಸರಿನಲ್ಲಿ ಕಳಿಸಿದ ಅವರ ಚಿತ್ರಗಳನ್ನು ರಾಯಲ್ ಅಕಾಡೆಮಿಯವರು ಒಪ್ಪಿಕೊಂಡಿದ್ದರು. ಆದರೆ ಮೂರು ಕೋಟಿ ಬಂದದ್ದು ಮೀನಿಗಲ್ಲ ಸ್ವಾಮಿ, ಹೆಸರಿಗೆ. ಬೆಂಗಳೂರು ಕ್ಲಬ್ಬಿನ 1899ರ ಲೆಡ್ಜರಿನಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಕೊಡದೇ ಹೋದ 13 ರೂಪಾಯಿ ಬಾಕಿಯನ್ನೂ ನಾವು ಹೆಮ್ಮೆಯಿಂದ ತೋರಿಸುವವರು! ನಮ್ಮ ನಿಮ್ಮ ಬಾಕಿಯನ್ನು ಯಾರಾದರೂ ಹಾಗೆ ತೋರಿಸ್ತಾರಾ?

ತಮಾಷೆ ಏನು ಗೊತ್ತಾ? ಈ ಮರ್ರೆಯೂ ಚಿತ್ರ ಬರೆಯುತ್ತಿದ್ದ. ಅವನ ಚಿತ್ರವನ್ನು ಅಕಾಡೆಮಿ ತಿರಸ್ಕರಿಸಿದಾಗ ಚರ್ಚಿಲ್ ಸಮಾಧಾನ ಹೇಳಿದ್ದರಂತೆ: ನಿನ್ನವು ನನ್ನವಕ್ಕಿಂತ ಚೆನ್ನಾಗಿವೆ, ಆದರೆ ನಿನ್ನ ಚಿತ್ರವನ್ನು ಅದರ ಯೋಗ್ಯತೆ ನೋಡಿಯೇ ಅಳೆಯುತ್ತಾರೆ ಅನ್ನೋ ಅರ್ಥದಲ್ಲಿ. ದೊಡ್ಡವರಿಗೇ ಗೊತ್ತಿದ್ದ ಸತ್ಯ ಇದು. ಗೊತ್ತಿಲ್ಲದ ಹಾಗೆ ನಟಿಸುವವರು ನಾವು.

ಈಗ ನಮ್ಮೂರಿಗೆ ಬನ್ನಿ. ಹೊಸನಗರ, ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ ಅಂದರೆ ಪುಂಡಿ ನಾರು. ಚಿಕ್ಕವನಿದ್ದಾಗ ಪಕ್ಕದ ಕೇರಿಯ ಮದುವೆ ಮನೆಯಲ್ಲಿ ಒಬ್ಬ ಅಕ್ಕ ಬರೆಯುವುದನ್ನು ಮಧ್ಯಾಹ್ನವಿಡೀ ಕೂತು ನೋಡಿದ್ದೆ. ಮುಂದೆ ಇಂಜಿನಿಯರಿಂಗ್ ಸೇರಿ ಡ್ರಾಫ್ಟರ್ ಇಟ್ಟು ಎಳೆದರೂ ನನ್ನ ಗೆರೆ ಅಷ್ಟು ನೇರ ಬರಲಿಲ್ಲ. ಆಕೆಯ ಕೈಯಲ್ಲಿ ಸ್ಕೇಲೂ ಇರಲಿಲ್ಲ.

ಹೋದ ವರ್ಷ ಅದೇ ಮನೆಗೆ ಹೋಗಿದ್ದೆ. ಆ ಗೋಡೆಗೆ ಈಗ ತಿಳಿ ಗುಲಾಬಿ ಡಿಸ್ಟೆಂಪರ್. "ಬರೆದವರು ಯಾರಾಗಿತ್ತು?" ಅಂತ ಕೇಳಿದೆ. "ಯಾರೋ ನೆಂಟರ ಪೈಕಿ ಹೆಂಗಸು ಮಾರಾಯ, ಈಗೆಲ್ಲಿ ನೆನಪಿರ್ತದೆ" ಅಂದರು. ಅವರನ್ನು ಏನಂತ ಬಯ್ಯಲಿ? ಇಡೀ ಮಧ್ಯಾಹ್ನ ಎದುರಿಗೇ ಕೂತಿದ್ದ ನಾನೇ ಹೆಸರು ಕೇಳಿರಲಿಲ್ಲ.

ಗೋಡೆ ಮೇಲಿನ ಚಿತ್ತಾರ ಅಳಿಯಲೆಂದೇ ಇರೋದು, ಅದೇ ಅದರ ಚೆಂದ ಅಂತ ಪಾಠ ಹೇಳುವವರಿದ್ದಾರೆ. ಇರಲಿ ಒಪ್ಪಿದೆ. ಚಿತ್ತಾರ ಅಳಿಯಲಿ ಬಿಡಿ, ಬರೆದವಳ ಹೆಸರೂ ಅಳಿಯಬೇಕಾ? ಬೆಂಗಳೂರಿನ ಅಂಗಡಿಯಲ್ಲಿ ಅದೇ ಚಿತ್ತಾರ ಫ್ರೇಮಿನೊಳಗೆ ಕೂತಾಗಲೂ ಎಷ್ಟೋ ಸಲ ಕೆಳಗೆ "ಮಲೆನಾಡಿನ ಜನಪದ ಕಲೆ" ಅಂತಷ್ಟೇ ಇರುತ್ತದೆ. ಜನಪದ ಅಂದರೆ ಯಾರೂ ಬರೆಯದೆ ತಾನಾಗಿ ಗೋಡೆ ಮೇಲೆ ಹುಟ್ಟಿದ್ದಾ?

ಮೂರು ಕೋಟಿ ಯಾರೂ ಕೊಡುವುದು ಬೇಡ. ಮುಂದಿನ ಸಲ ಹಸೆ ಗೋಡೆ ಎದುರು ನಿಂತು ಫೋಟೋ ತೆಗೆಸಿಕೊಳ್ಳುವಾಗ "ಬರೆದವರು ಯಾರು?" ಅಂತ ಒಂದು ಮಾತು ಕೇಳಿ. ಫೋಟೋ ಹಾಕುವಾಗ ಆ ಹೆಸರನ್ನೂ ಹಾಕಿ. ಅಷ್ಟೂ ಆಗಲ್ವಾ ನಮ್ಮ ಕೈಲಿ?